ಮೆಸ್ ಬಗ್ಗೆ ಕೇಳಿದ್ದು ಸಾಕು, ವಾರ್ಡ್ ಬಗ್ಗೆ ಕೇಳಿ

ಮಕ್ಕಳನ್ನು ಹೊರದೇಶಕ್ಕೆ ಡಾಕ್ಟರ್ ಓದಲು ಕಳಿಸಲು ಹೊರಟಿರುವ ಅಪ್ಪ-ಅವ್ವಂದಿರಿಗೆ ಒಂದು ಬಹಿರಂಗ ಪತ್ರ

ಬಿಷ್ಕೆಕ್, ಕಿರ್ಗಿಸ್ತಾನ

ಎಲ್ಲರಿಗೂ ನಮಸ್ಕಾರ.

ನೀಟ್ ಫಲಿತಾಂಶ ಬಂದ ವಾರ ನಮ್ಮ ಕಡೆ ಏನು ನಡೆಯುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ದಾವಣಗೆರೆ, ಹುಬ್ಬಳ್ಳಿಯ ಹೋಟೆಲ್ ಹಾಲ್‌ಗಳಲ್ಲಿ ಸೆಮಿನಾರ್. ಹೊರಗೆ ಫ್ಲೆಕ್ಸ್, ಒಳಗೆ ಚಹಾ-ಬಿಸ್ಕತ್ತು, ಮೈಕ್ ಹಿಡಿದ ಏಜೆಂಟರು. 2021ರಲ್ಲಿ ಅಂಥದೇ ಒಂದು ಹಾಲ್‌ನ ಮೂರನೇ ಸಾಲಿನಲ್ಲಿ ನಾನು, ಅಪ್ಪ, ಅವ್ವ ಕೂತಿದ್ದೆವು.

ಅಪ್ಪನದು ರಾಣೆಬೆನ್ನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಒಂದು ಪಾಕೀಟು ಮೆಣಸಿನ ಬೀಜ ಕೊಳ್ಳಲು ಬಂದ ರೈತ ಹತ್ತು ಪ್ರಶ್ನೆ ಕೇಳುತ್ತಾನೆ. ನಾಟುತ್ತಾ, ನೀರು ಎಷ್ಟು ಬೇಕು, ಎಷ್ಟು ದಿನಕ್ಕೆ ಕಾಯಿ, ಹೋದ ವರ್ಷ ಯಾರು ಹಾಕಿದ್ದರು, ಅವರ ಹೊಲ ಎಲ್ಲಿದೆ. ಇದಕ್ಕೆಲ್ಲ ಉತ್ತರ ಕೊಟ್ಟು ಪಳಗಿದ ಅಪ್ಪ, ಅವತ್ತು ಮಗಳನ್ನು ಕಳಿಸುವ ಮುಂಚೆ ಕೇಳಿದ್ದು ಮೂರೇ ಪ್ರಶ್ನೆ. ವೆಜ್ ಮೆಸ್ ಇದೆಯಾ? ಹುಡುಗಿಯರ ಹಾಸ್ಟೆಲ್ ಬೇರೆ ಇದೆಯಾ? ಎನ್‌ಎಂಸಿ ಅಪ್ರೂವ್ಡ್ ಅಲ್ವಾ? ಮೂರಕ್ಕೂ "ಹೌದು ಸರ್" ಅಂತ ಬಂತು. ಅವ್ವ ಮೆಲ್ಲಗೆ ಇನ್ನೊಂದು ಸೇರಿಸಿದಳು, "ಬಿಸಿನೀರು ಬರ್ತೈತೇನ್ರಿ?"

ಬಿಸಿನೀರು ಬರುತ್ತೆ. ಅದರಲ್ಲಿ ಸುಳ್ಳಿಲ್ಲ.

ಆ ಮೂರನೇ ಉತ್ತರ ಮಾತ್ರ ಸರಿಯಲ್ಲ. ಎನ್‌ಎಂಸಿ, ಅಂದರೆ ರಾಷ್ಟ್ರೀಯ ವೈದ್ಯಕೀಯ ಆಯೋಗ, ಹೊರದೇಶದ ಯಾವ ಕಾಲೇಜಿಗೂ ಒಪ್ಪಿಗೆಯ ಮುದ್ರೆ ಹಾಕುವುದಿಲ್ಲ. ಅದು ನಿಯಮ ಮಾಡಿದೆ, ಅಷ್ಟೇ. ನಾನು ಇಲ್ಲಿಗೆ ಬರುವ ಒಂದು ತಿಂಗಳ ಮುಂಚೆ, 2021ರ ನವೆಂಬರ್ 18ರಂದು ಆ ನಿಯಮ ಬಂತು. ಕನಿಷ್ಠ 54 ತಿಂಗಳ ಓದು, ಅದೂ ಇಂಗ್ಲಿಷ್ ಮಾಧ್ಯಮದಲ್ಲಿ. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಊರಿಗೆ ಬಂದ ಮೇಲೆ ಮತ್ತೆ 12 ತಿಂಗಳು. ಸೇರಿದ ದಿನದಿಂದ ಹತ್ತು ವರ್ಷದೊಳಗೆ ಎಲ್ಲ ಮುಗಿಯಬೇಕು. ಕಾಲೇಜು ಇದಕ್ಕೆ ಹೊಂದುತ್ತಾ ಅಂತ ನೋಡಿಕೊಳ್ಳುವುದು ನಿಮ್ಮ ಕೆಲಸ. ಹೊಂದದಿದ್ದರೆ ನಷ್ಟ ಏಜೆಂಟರಿಗಲ್ಲ, ನಿಮ್ಮ ಮಗುವಿಗೆ.

ಈ ನಿಯಮಗಳನ್ನು ಮೊಬೈಲ್‌ನಲ್ಲೇ ಓದಬಹುದು. ನಾನು ಪತ್ರ ಬರೆಯುತ್ತಿರುವುದು ಅಪ್ಪ ಕೇಳದೆ ಬಿಟ್ಟ, ನನಗೂ ಹೊಳೆಯದ ಒಂದು ಪ್ರಶ್ನೆಯ ಬಗ್ಗೆ. ನನ್ನ ಮಗಳು ಪೇಶಂಟ್ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಾಳೆ?

ನಾನು ಇಲ್ಲಿ ಬಂದು ಇಳಿದದ್ದು ಡಿಸೆಂಬರ್‌ನಲ್ಲಿ. ಚೀಲದ ತೂಕ ಜಾಸ್ತಿಯಾಯಿತು ಅಂತ ವಿಮಾನ ನಿಲ್ದಾಣದಲ್ಲೇ ಎರಡು ಕಿಲೋ ಖಡಕ್ ರೊಟ್ಟಿ ತೆಗೆದು ಅಪ್ಪನ ಕೈಗೆ ಕೊಟ್ಟಿದ್ದೆ. ಉಳಿದ ರೊಟ್ಟಿ ದಾರಿಯಲ್ಲಿ ಪುಡಿಪುಡಿ. ಆ ಪುಡಿಯನ್ನೇ ಶೇಂಗಾ ಚಟ್ನಿ ಜೊತೆ ಚಮಚದಲ್ಲಿ ತಿಂದು ಮೊದಲ ವಾರ ಕಳೆದೆ. ಸಂಜೆ ಆರಕ್ಕೆಲ್ಲ ಕತ್ತಲು. ಚಳಿಗಾಲದಲ್ಲಿ ಊರ ತುಂಬ ಕಲ್ಲಿದ್ದಲ ಹೊಗೆ. ದಕ್ಷಿಣಕ್ಕೆ ದೊಡ್ಡ ಹಿಮದ ಬೆಟ್ಟಗಳಿವೆ ಅಂತ ಹೇಳಿದ್ದರು, ನನಗೆ ಎದುರಿನ ಕಟ್ಟಡವೇ ಸರಿಯಾಗಿ ಕಾಣುತ್ತಿರಲಿಲ್ಲ. ಇಲ್ಲಿಯ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ. ದಿನಾ ರಾತ್ರಿ ಅವ್ವನ ಫೋನ್. "ಊಟ ಆತೇನು?" "ಆತು." "ಎಲ್ಲಾ ಚೊಲೋ ಐತೇನು?" "ಚೊಲೋ ಐತಿ." ಫೋನ್ ಇಟ್ಟು ಅಳುವುದು. ಇದು ನನ್ನೊಬ್ಬಳ ಕಥೆ ಅಲ್ಲ. ಕಾರಿಡಾರ್‌ನ ಪ್ರತಿ ರೂಮಿನಲ್ಲೂ ಅದೇ.

ಆಗ ನಮ್ಮನ್ನು ಕಾಪಾಡಿದ್ದು ಇಂಡಿಯನ್ ಮೆಸ್ಸೇ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಾಂಸವೇ ಮುಖ್ಯವಾದ ಊರಲ್ಲಿ ಒಂದು ತಟ್ಟೆ ಅನ್ನ-ಬೇಳೆ ಸಿಕ್ಕರೆ ಕಣ್ಣಲ್ಲಿ ನೀರು ಬರುತ್ತೆ. ಆದರೆ ಆ ಮೆಸ್ಸು, ಆ ಹಾಸ್ಟೆಲ್ಲು ನಿಧಾನವಾಗಿ ಒಂದು ಬಾವಿ ಆಗುತ್ತೆ. ಎಡಕ್ಕೆ ಹಿಂದಿ, ಬಲಕ್ಕೆ ತೆಲುಗು, ಕೆಳಗೆ ಮಲಯಾಳಂ. ಅಡುಗೆಯವರು ನಮ್ಮವರು, ಪಾಠ ಇಂಗ್ಲಿಷ್‌ನಲ್ಲಿ, ರಾತ್ರಿ ಯೂಟ್ಯೂಬ್‌ನಲ್ಲಿ ಮತ್ತೆ ನಮ್ಮ ದೇಶದ ಮೇಷ್ಟ್ರು. ಎರಡು ವರ್ಷ ಬಿಷ್ಕೆಕ್‌ನಲ್ಲಿದ್ದೂ ಊರಿನವರ ಜೊತೆ ನಾನು ಆಡಿದ ಮಾತು ಹೆಚ್ಚುಕಡಿಮೆ ಒಂದೇ. ಮರ್ಷ್ರುತ್ಕಾ ಅಂತ ಇಲ್ಲಿ ಸಣ್ಣ ವ್ಯಾನುಗಳು ಓಡುತ್ತವೆ, ನಮ್ಮ ಟಂಟಂ ಥರ ತುಂಬಿಕೊಂಡು. ಅದರಲ್ಲಿ ಇಳಿಯಬೇಕಾದರೆ "ಅಸ್ತನವೀತೆ" ಅನ್ನಬೇಕು. ನಿಲ್ಲಿಸಿ ಅಂತ. ಇಲ್ಲಿ ಪೇಟೆಯಲ್ಲೂ ಆಸ್ಪತ್ರೆಯಲ್ಲೂ ನಡೆಯುವುದು ರಷ್ಯನ್, ನನಗೆ ಬರುತ್ತಿದ್ದುದು ಅಷ್ಟೇ.

ಮೊದಲ ವರ್ಷ ರಷ್ಯನ್ ಪಾಠ ಇರಲಿಲ್ಲ ಅಂತಲ್ಲ, ಇತ್ತು. ಇದು ಮೇಜು, ಇದು ಕುರ್ಚಿ, ನನ್ನ ಹೆಸರು ಇಂಥದ್ದು. ಬಾಯಿಪಾಠ ಮಾಡಿ ಪಾಸಾದೆವು. ಮೇಜು-ಕುರ್ಚಿ ಬಗ್ಗೆ ಯಾವ ಪೇಶಂಟೂ ಮಾತಾಡುವುದಿಲ್ಲ ಅನ್ನುವುದು ಗೊತ್ತಾಗಿದ್ದು ಮೂರನೇ ವರ್ಷ, ಆಸ್ಪತ್ರೆಗೆ ಹೋಗಲು ಶುರು ಮಾಡಿದಾಗ.

ಇಲ್ಲಿ ಪೇಶಂಟ್ ಮುಟ್ಟಿ ನೋಡುವ ಮೊದಲ ವಿಷಯಕ್ಕೆ ಪ್ರೊಪೆಡೆವ್ಟಿಕ್ಸ್ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಕೇಳುವುದು, ನೋಡುವುದು, ಮುಟ್ಟುವುದು, ತಟ್ಟುವುದು, ಸ್ಟೆತಾಸ್ಕೋಪ್ ಇಡುವುದು. ಬಿಳಿ ಕೋಟು ಹಾಕಿ, ತಲೆಗೆ ಟೋಪಿ ಇಟ್ಟು, ಶೂ ಮೇಲೆ ಬಖೀಲಿ ಅನ್ನುವ ನೀಲಿ ಪ್ಲಾಸ್ಟಿಕ್ ಚೀಲ ಏರಿಸಿಕೊಂಡು ಹನ್ನೆರಡು ಜನ ಒಂದು ಮಂಚದ ಸುತ್ತ ನಿಂತೆವು. ಮಲಗಿದ್ದವರು ಅರವತ್ತು ದಾಟಿದ ಅಜ್ಜ. ನಮ್ಮ ಮೇಡಂ ಏನೋ ಕೇಳಿದರು. ಅಜ್ಜ ಮುಷ್ಟಿ ಕಟ್ಟಿ ಎದೆ ನಡುವೆ ಇಟ್ಟುಕೊಂಡು "ದಾವಿತ್" ಅಂದರು. ಮತ್ತೆ ಒಂದೆರಡು ಮಾತು ಹೇಳಿದರು. ಮೇಡಂ ನಮ್ಮ ಕಡೆ ತಿರುಗಿ ಇಂಗ್ಲಿಷ್‌ನಲ್ಲಿ "ಚೆಸ್ಟ್ ಪೇನ್" ಅಂದರು. ಹನ್ನೆರಡೂ ಜನ ಚೆಸ್ಟ್ ಪೇನ್ ಅಂತ ಬರೆದುಕೊಂಡೆವು. ಮುಂದಿನ ಮಂಚ. ಅಲ್ಲಿದ್ದ ಹುಡುಗ ಬೆರಳು ತೋರಿಸಿ "ಕೋಲೆತ್" ಅಂದ. ಅದೂ ಚೆಸ್ಟ್ ಪೇನ್.

ಮೇಡಂ ತಪ್ಪು ಅಂತ ನಾನು ಹೇಳಲ್ಲ. ಅವರಿಗೆ ಇಂಗ್ಲಿಷ್ ಮೂರನೆಯದೋ ನಾಲ್ಕನೆಯದೋ ಭಾಷೆ. ಹನ್ನೆರಡು ಜನಕ್ಕೆ ಪಾಠವನ್ನೂ ಮಾಡಬೇಕು, ಅನುವಾದವನ್ನೂ ಮಾಡಬೇಕು, ತಮ್ಮ ಪೇಶಂಟನ್ನೂ ನೋಡಬೇಕು. ಆದರೆ ಆ ರಾತ್ರಿ ಕುತೂಹಲಕ್ಕೆ ಎರಡೂ ಪದ ಹುಡುಕಿದೆ. ದಾವಿತ್ ಅಂದರೆ ಅದುಮುತ್ತಿದೆ. ಕೋಲೆತ್ ಅಂದರೆ ಚುಚ್ಚುತ್ತಿದೆ. ಝ್ಝೋತ್ ಅಂದರೆ ಉರಿ. ನೋಯೆತ್ ಅಂದರೆ ಒಂದೇ ಸಮನೆ ನುಲಿಯುವ ಸಣ್ಣ ನೋವು. ವಯಸ್ಸಾದವರು ಮುಷ್ಟಿ ಇಟ್ಟು ಎದೆ ಅದುಮುತ್ತಿದೆ ಅಂದರೆ ಮೊದಲು ನೆನಪಾಗಬೇಕಾದ್ದು ಹೃದಯ. ಹರೆಯದವನೊಬ್ಬ ಬೆರಳ ತುದಿಯಲ್ಲಿ ಜಾಗ ತೋರಿಸಿ ಚುಚ್ಚುತ್ತಿದೆ ಅಂದರೆ ಯೋಚನೆ ಬೇರೆ ಕಡೆಗೂ ಹೋಗಬೇಕು. ಪುಸ್ತಕದಲ್ಲಿ ಇದನ್ನೇ ನಾವು ಇಂಗ್ಲಿಷ್‌ನಲ್ಲಿ ಹತ್ತು ಸಲ ಓದಿದ್ದೆವು. ಅದು ಕಣ್ಣೆದುರಿಗೆ ಬಂದು ಮಾತಾಡಿದಾಗ ನಮಗೆ ಕಿವಿ ಇರಲಿಲ್ಲ.

ಕಲಿಯಬೇಕು ಅಂತ ಹೊರಟರೆ ಮಾನ ಹೋಗುತ್ತೆ. ಅದಕ್ಕೂ ತಯಾರಿರಬೇಕು. ಒಂದು ಸಲ ಹೆಂಗಸರ ವಾರ್ಡ್‌ನಲ್ಲಿ ನೋಟ್‌ಬುಕ್ ತೆಗೆದು, "ನಾನು ಈಗ ಬರೆಯುತ್ತೇನೆ" ಅಂತ ಠೀವಿಯಿಂದ ರಷ್ಯನ್‌ನಲ್ಲಿ ಹೇಳಿದೆ. ಇಡೀ ವಾರ್ಡ್ ಬಿದ್ದು ಬಿದ್ದು ನಕ್ಕಿತು. ಪಿಸಾತ್ ಅಂದರೆ ಬರೆಯುವುದು. ಒತ್ತು ಮೊದಲ ಅಕ್ಷರಕ್ಕೆ ಕೊಟ್ಟು ಪೀಸತ್ ಅಂದರೆ ಒಂದಕ್ಕೆ ಹೋಗುವುದು. ನಾನು ಒತ್ತು ಎಲ್ಲಿ ಕೊಟ್ಟಿದ್ದೆ ಅಂತ ನೀವೇ ಊಹಿಸಿ. ಹೊಟ್ಟೆ ಆಪರೇಷನ್ ಆಗಿದ್ದ ಒಬ್ಬ ಅಜ್ಜಿ ನಗಲಾರದೆ ಹೊಲಿಗೆ ಹಿಡಿದುಕೊಂಡು, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ಪದ ಐದು ಸಲ ಹೇಳಿಸಿದರು. ಅವತ್ತಿಂದ ಆ ವಾರ್ಡ್‌ನಲ್ಲಿ ನನಗೆ ಹೆದರಿಕೆ ಇಲ್ಲ. ತಪ್ಪು ಮಾತಾಡುವ ಹುಡುಗಿಯನ್ನು ಪೇಶಂಟ್‌ಗಳು ಸುಮ್ಮನೆ ನಿಲ್ಲುವ ಹುಡುಗಿಗಿಂತ ಬೇಗ ಹತ್ತಿರ ಬಿಟ್ಟುಕೊಳ್ಳುತ್ತಾರೆ.

ರಷ್ಯನ್ ಕಲಿತರೂ ಮುಗಿಯಲಿಲ್ಲ. ನಾರಿನ್, ತಲಾಸ್ ಕಡೆಯ ಹಳ್ಳಿಗಳಿಂದ ಬರುವ ವಯಸ್ಸಾದವರು ಆಡುವುದು ಕಿರ್ಗಿಜ್. ಅಯ್ಯೋ ಇನ್ನೊಂದಾ ಅಂದುಕೊಂಡೆ. ಆದರೆ ಅದು ನನಗೆ ರಷ್ಯನ್‌ಗಿಂತ ಸುಲಭವಾಯಿತು. ಯಾಕೆ ಗೊತ್ತಾ? ಅದರ ನಡೆ ನಮ್ಮ ಕನ್ನಡದ ನಡೆ. ಕ್ರಿಯಾಪದ ಕೊನೆಗೆ ಬರುತ್ತೆ. ವಿಭಕ್ತಿ ಬಾಲ ಹಿಂದಕ್ಕೆ ಅಂಟುತ್ತೆ. ಓರುಕಾನಾ ಅಂದರೆ ಆಸ್ಪತ್ರೆ, ಓರುಕಾನಾದಾ ಅಂದರೆ ಆಸ್ಪತ್ರೆಯಲ್ಲಿ. ಜಾತಾಮ್ ಅಂದರೆ ಮಲಗಿದ್ದೇನೆ, "ನಾನು" ಅನ್ನುವುದು ಕ್ರಿಯಾಪದದ ಬಾಲದಲ್ಲೇ ಇದೆ, ನಮ್ಮ ಹಾಗೆಯೇ. ಇನ್ನು ಆ "ಕಾನಾ" ಏನು ಅಂತೀರಿ? ನಮ್ಮ ಕಡೆ ದವಾಖಾನಿ ಅನ್ನುತ್ತೇವಲ್ಲ, ಅದೇ ಪಾರಸಿಯ ಖಾನೆ. ಔಷಧ ಅಂಗಡಿ ಇಲ್ಲಿ ದಾರಿಕಾನಾ. ಉಳ್ಳಾಗಡ್ಡಿಗೆ ಪಿಯಾಜ್, ಹವಾಗೆ ಅಬಾ, ಬಜಾರಕ್ಕೆ ಬಜಾರ್. ಕುಡಿಯಲು ಕೊಡುವ ಐರಾನ್ ಬಾಯಿಗೆ ಇಟ್ಟರೆ ನಮ್ಮ ಮಜ್ಜಿಗೆಯ ನೆನಪು. "ಕಾಯೆರಿಂಗಿಜ್ ಓರುಯ್ತ್?", ನಿಮಗೆ ಎಲ್ಲಿ ನೋಯುತ್ತೆ, ಅಂತ ಮೊದಲ ಸಲ ಕೇಳಿದಾಗ ನಾರಿನ್ ಕಡೆಯ ಅಜ್ಜಿ ನನ್ನ ಕೈ ಹಿಡಿದು ಹತ್ತು ನಿಮಿಷ ಬಿಡದೆ ಮಾತಾಡಿದರು. ಅರ್ಧಕ್ಕಿಂತ ಜಾಸ್ತಿ ತಿಳಿಯಲಿಲ್ಲ. ಆದರೆ ತಿಳಿದಷ್ಟರಲ್ಲೇ ಅವರಿಗೆ ರಾತ್ರಿ ಮಲಗಿದರೆ ಉಸಿರು ಕಟ್ಟುತ್ತೆ, ಎರಡು ದಿಂಬು ಬೇಕು ಅನ್ನುವುದಿತ್ತು. ಅದು ಅವರ ಕೇಸ್ ಶೀಟಿನಲ್ಲಿ ಇರಲಿಲ್ಲ.

ಅಲ್ಲಿಂದ ನನ್ನ ಊರು ಬದಲಾಯಿತು. ಓಶ್ ಬಜಾರಿನಲ್ಲಿ ಚೌಕಾಸಿ ಮಾಡತೊಡಗಿದೆ. ಹಾಸ್ಟೆಲ್ ಬಾಗಿಲಲ್ಲಿ ಕೂರುವ ಎಜೆ, ಅಂದರೆ ಅಕ್ಕ, ಅವರ ಮಂಡಿನೋವಿನ ಕಥೆ ಗೊತ್ತಾಯಿತು. ವಸಂತದಲ್ಲಿ ಹೊಗೆ ಹರಿದು ಬೆಟ್ಟ ಕಂಡಿತು. ಮೊದಲೂ ಅದು ಪ್ರತಿ ವಸಂತಕ್ಕೆ ಕಂಡಿರಬೇಕು, ನಾನು ಕಿಟಕಿಗೆ ಪರದೆ ಹಾಕಿಕೊಂಡು ಯೂಟ್ಯೂಬ್ ನೋಡುತ್ತಿದ್ದೆ.

2024ರ ಮೇ 17ರ ರಾತ್ರಿಯ ಬಗ್ಗೆ ನೀವು ಕೇಳಿಯೇ ಕೇಳುತ್ತೀರಿ. ಟಿವಿಯಲ್ಲಿ ನೋಡಿದ್ದೀರಿ. ಕೆಲವು ದಿನ ಮುಂಚೆ ನಡೆದ ಒಂದು ಹೊಡೆದಾಟದ ವಿಡಿಯೋ ಹರಿದಾಡಿ, ಗುಂಪುಗಳು ಹೊರದೇಶದ ವಿದ್ಯಾರ್ಥಿಗಳಿರುವ ಹಾಸ್ಟೆಲ್‌ಗಳಿಗೆ ನುಗ್ಗಿದವು. ನಾವು ಲೈಟ್ ಆರಿಸಿ, ಬಾಗಿಲಿಗೆ ಮಂಚ ಒತ್ತಿಟ್ಟು, ಬೆಳಗಿನವರೆಗೆ ನೆಲದ ಮೇಲೆ ಕೂತಿದ್ದೆವು. ಮಾರನೇ ದಿನ ಹೊರಗೆ ಹೋಗಬೇಡಿ ಅಂತ ನಮ್ಮ ರಾಯಭಾರ ಕಚೇರಿ ಹೇಳಿತು. ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳಾಗುತ್ತೆ. ಅಪ್ಪ ವಾಪಸ್ ಬಾ ಅಂದರು. ಆ ವಾರ ಕೆಳಗಿನ ಎಜೆ ನಮಗೆಲ್ಲ ರೊಟ್ಟಿ, ಆಲೂಗಡ್ಡೆ ತಂದುಕೊಟ್ಟರು. ಹೊರಗೆ ಯಾವ ರಸ್ತೆ ಶಾಂತ, ಯಾವುದು ಅಲ್ಲ ಅಂತ ಅವರು ಹೇಳಿದ್ದನ್ನು ತಿಳಿದುಕೊಳ್ಳಲು ನಮ್ಮ ಮಹಡಿಯಲ್ಲಿ ಇಬ್ಬರಿಗೆ ಮಾತ್ರ ಆಯಿತು. ಉಳಿದವರು ವಾಟ್ಸಾಪ್ ಗುಂಪುಗಳ ಗಾಳಿಸುದ್ದಿ ನಂಬಿ ಇನ್ನಷ್ಟು ನಡುಗಿದರು. ಊರಿನ ಭಾಷೆ ಬಾರದಿದ್ದರೆ ಹೆದರಿಕೆಯೂ ದುಪ್ಪಟ್ಟು.

ನಮ್ಮ ಸೀನಿಯರ್‌ಗಳ ವಾದ ಬೇರೆ. ಹೊರದೇಶದಲ್ಲಿ ಓದಿದವರು ನಮ್ಮ ದೇಶದಲ್ಲಿ ಡಾಕ್ಟರಾಗಲು ಎಫ್‌ಎಂಜಿಇ ಅನ್ನುವ ಪರೀಕ್ಷೆ ಪಾಸಾಗಬೇಕು, ಅವರ ಕಣ್ಣು ಅದರ ಮೇಲೆ. "ನಾವೇನು ಇಲ್ಲೇ ಇರ್ತೀವಾ? ವಾಪಸ್ ಹೋಗಿ ಎಫ್‌ಎಂಜಿಇ ಬರೆಯಬೇಕು. 300 ಪ್ರಶ್ನೆ, 150 ಸರಿ ಆದರೆ ಪಾಸ್. ಅದರಲ್ಲಿ ಕಿರ್ಗಿಜ್ ಕೇಳಲ್ಲ." ನಿಜ, ಕೇಳಲ್ಲ. ವರ್ಷಕ್ಕೆ ಎರಡು ಸಲ ನಡೆಯುವ ಆ ಪರೀಕ್ಷೆಗೆ ರೂಮಿನಲ್ಲಿ ಕೂತೇ ಓದಬೇಕು, ನಾನೂ ಓದುತ್ತಿದ್ದೇನೆ. ಆದರೆ ಹಾಗಾದರೆ ಇಷ್ಟು ದೂರ ಬಂದಿದ್ದು ಯಾಕೆ? ರೂಮು ರಾಣೆಬೆನ್ನೂರಿನಲ್ಲೂ ಇತ್ತಲ್ಲ!

ಇನ್ನೊಂದು ಮಾತಿದೆ. ನೀವು ಪಡೆಯುವ ಡಿಗ್ರಿ, ಆ ದೇಶದ ಪ್ರಜೆಗೆ ಸಿಗುವಂಥದೇ ಡಾಕ್ಟರ್ ಲೈಸೆನ್ಸ್‌ಗೆ ಅರ್ಹವಾಗಿರಬೇಕು ಅಂತ 2021ರ ನಿಯಮದಲ್ಲಿದೆ. ಅಂದರೆ ಕಾಗದದ ಮೇಲೆ ನಾನು ಈ ದೇಶದಲ್ಲಿ ಡಾಕ್ಟರ್ ಆಗಬಲ್ಲವಳು. ಎಲ್ಲಿ ನೋಯುತ್ತೆ ಅಂತ ಕೇಳಲೂ ಬಾರದೆ ಅದು ಹೇಗೆ? ಇಂಗ್ಲಿಷ್ ಮಾಧ್ಯಮ ಬೇಕು ಅನ್ನುವ ಸಾಲು ಅದೇ ನಿಯಮದಲ್ಲಿ ಸ್ಪಷ್ಟವಾಗಿದೆ. ಅದರ ಪಕ್ಕದಲ್ಲಿ, ವಾರ್ಡಿಗೆ ಕಾಲಿಡುವ ಮುಂಚೆ ರೋಗಿಯ ಭಾಷೆಯಲ್ಲಿ ಒಂದು ಪರೀಕ್ಷೆ ಆಗಿರಬೇಕು ಅಂತ ಒಂದು ಸಾಲು ಇದ್ದರೆ ಚೆನ್ನಾಗಿತ್ತು. ಆಯೋಗದ ಯಾರಾದರೂ ಈ ಪತ್ರ ಓದಿದರೆ ಇದನ್ನು ನನ್ನ ಅರ್ಜಿ ಅಂತಲೇ ತಿಳಿಯಲಿ. ನಮ್ಮ ದೇಶದೊಳಗೆ ಇದು ಹೊಸದೇನಲ್ಲ. 2019ರಿಂದ ಎಂಬಿಬಿಎಸ್ ಸೇರಿದವರಿಗೆ ಆರಂಭದ ಫೌಂಡೇಶನ್ ಕೋರ್ಸಿನಲ್ಲೇ ಸ್ಥಳೀಯ ಭಾಷೆಯ ಪಾಠ ಇದೆ.

ಹೋದ ರಜೆಯಲ್ಲಿ ಊರಿಗೆ ಬಂದಾಗ ಪರಿಚಯದ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಒಂದು ತಿಂಗಳು ಕೂತಿದ್ದೆ. ಒಬ್ಬ ಅಜ್ಜಿ ಬಂದು, "ಎದ್ಯಾಗ ಹಿಡದಂಗ ಆಗೇತ್ರಿ, ಸಂಕಟ ಆಗ್ತೈತಿ" ಅಂದರು. ಮೊದಲಾಗಿದ್ದರೆ ಹೊಟ್ಟೆಯ ಗ್ಯಾಸ್ ಅಂತ ಬರೆದುಬಿಡುತ್ತಿದ್ದೆ. ನಮ್ಮ ಮನೆಯಲ್ಲಿ ದಿನಾ ಕೇಳುವ ಮಾತು, ಅದಕ್ಕೇ ಅದರ ಕಡೆ ಗಮನ ಇರುವುದಿಲ್ಲ. ಅವತ್ತು ನಿಂತು ಕೇಳಿದೆ. ಹಿಡದಂಗ ಅಂದರೆ ಹೆಂಗ ಅಜ್ಜಿ, ಚುಚ್ಚತೈತೋ, ಅದುಮತೈತೋ, ಉರೀತೈತೋ? ಅಜ್ಜಿ ಸ್ವಲ್ಪ ಯೋಚಿಸಿ ಮುಷ್ಟಿ ಕಟ್ಟಿ ಎದೆ ಮೇಲೆ ಇಟ್ಟುಕೊಂಡರು. ಡಾಕ್ಟರು ಇಸಿಜಿ ಮಾಡಿಸಿ, ಅದೇ ಮಧ್ಯಾಹ್ನ ದಾವಣಗೆರೆಗೆ ಕಳಿಸಿದರು.

ಹೀಗಾಗಿ ಸೆಮಿನಾರ್‌ಗೆ ಹೋದಾಗ ದಯವಿಟ್ಟು ಕೇಳಿ. ಯಾವ ಆಸ್ಪತ್ರೆ, ಎಷ್ಟು ಮಂಚ, ಹಾಸ್ಟೆಲ್‌ನಿಂದ ಎಷ್ಟು ದೂರ, ಯಾವ ವರ್ಷದಿಂದ ಕರೆದೊಯ್ಯುತ್ತಾರೆ, ಒಂದು ಮಂಚದ ಸುತ್ತ ಎಷ್ಟು ಜನ ನಿಲ್ಲುತ್ತಾರೆ. ಭಾಷೆಯ ಪಾಠ ಮೊದಲ ವರ್ಷಕ್ಕೇ ಮುಗಿಯುತ್ತಾ, ಆಸ್ಪತ್ರೆಯ ಮಾತು ಕಲಿಸುತ್ತಾರಾ. ಏಜೆಂಟರಿಗೆ ಉತ್ತರ ಗೊತ್ತಿರದೆ ಇರಬಹುದು. ಆಗ ಅಲ್ಲಿ ನಾಲ್ಕನೇ ವರ್ಷ ಓದುತ್ತಿರುವ ಒಬ್ಬರ ನಂಬರ್ ತಗೊಳ್ಳಿ. ಏಜೆಂಟರು ಪಕ್ಕದಲ್ಲಿ ಇಲ್ಲದಾಗ ಫೋನ್ ಮಾಡಿ. ಮೆಸ್ ಹೇಗಿದೆ ಅಂತ ಕೇಳಬೇಡಿ. "ಎದೆ ಅದುಮಿದಂಗ ಆಗ್ತೈತಿ ಅನ್ನೋದಕ್ಕ ನಿಮ್ಮ ಪೇಶಂಟ್‌ಗಳು ಏನಂತಾರ?" ಅಂತ ಕೇಳಿ. ಆ ಹುಡುಗನೋ ಹುಡುಗಿಯೋ ತಡವರಿಸದೆ ಹೇಳಿದರೆ ಆ ಕಾಲೇಜಿನ ವಾರ್ಡ್ ಬಾಗಿಲು ನಿಜವಾಗಿ ತೆರೆದಿದೆ ಅಂತ ಅರ್ಥ. "ಅಂಕಲ್, ಅದನ್ನೆಲ್ಲ ಮೇಡಂ ಹೇಳ್ತಾರೆ" ಅಂದರೆ, ಫೀಸಿನ ಮೊದಲ ಕಂತು ಕಟ್ಟುವ ಮುಂಚೆ ಇನ್ನೊಂದು ವಾರ ಯೋಚಿಸಿ.

ಮಕ್ಕಳು ಹೊರಟ ಮೇಲೂ ನಿಮ್ಮ ಕೆಲಸ ಇದೆ. ದಿನಾ ಫೋನ್ ಮಾಡಿ, ಊಟ ಆಯ್ತಾ ಅಂತ ಖಂಡಿತ ಕೇಳಿ. ಜೊತೆಗೆ, ಇವತ್ತು ಊರಿನವರ ಹತ್ತಿರ ಏನು ಮಾತಾಡಿದೆ ಅಂತಲೂ ಕೇಳಿ. ಮೊದಲ ಎರಡು ತಿಂಗಳು ಏನೂ ಇಲ್ಲ ಅನ್ನುತ್ತಾರೆ. ಬೈಯಬೇಡಿ.

ಚೀಲ ಕಟ್ಟುವಾಗ ಒಂದು ಮಾತು. ರೊಟ್ಟಿ ಹಾಕಬೇಡಿ, ಪುಡಿಯಾಗುತ್ತೆ. ಸ್ವೆಟರ್ ಇಲ್ಲೇ ಒಳ್ಳೆಯದು ಸಿಗುತ್ತೆ. ಆ ಜಾಗಕ್ಕೆ ಒಂದು ಕಿಲೋ ಬ್ಯಾಡಗಿ ಮೆಣಸಿನಪುಡಿ ಹಾಕಿ. ಬಿಷ್ಕೆಕ್‌ಗೆ ಬರುವವರಾದರೆ ಎರಡು ಕಿಲೋ ಹಾಕಿ, ಒಂದು ನಮ್ಮ ಮಹಡಿಗೆ.

ಇಂತಿ,
ರಾಣೆಬೆನ್ನೂರಿನ ಬೀಜದ ಅಂಗಡಿಯವರ ಮಗಳು